ಮೇಲಿನ ಮಣ್ಣು, ಕೆಳಗಿನ ಮಣ್ಣು

“ಹೆಂಡತಿಯೇ ಹಾಲಿನಲ್ಲಿ ಉಣ್ಣಿ ಔಷಧ ಬೆರೆಸಿ ಕುಡಿಸಿದಳು. ಹೆಣ ಹೊರತೆಗೆದು ಪರೀಕ್ಷಿಸಿದಾಗ ವಿಷವೂ ಸಿಕ್ಕಿತು. ಮುದುಕ ಅರ್ಜಿ ಬರೆದು ಆಕೆಯನ್ನು ಉಳಿಸಿಕೊಂಡ.”

ನಮ್ಮೂರು ಎಕಂಬಾದಿಂದ ಔರಾದಿನವರೆಗೆ ನನ್ನ ತಮ್ಮನ ಮಗನ ಸಾವನ್ನು ಇಂದಿಗೂ ಹೀಗೆಯೇ ಹೇಳುತ್ತಾರೆ. ಆ ಮುದುಕ ನಾನು. ವಿಷ ಸಿಕ್ಕಿದ್ದು ನಿಜ. ಎಲ್ಲಿ ಸಿಕ್ಕಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮದು ಕುರಿ ಸಾಕುವ ಮನೆತನ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಔರಾದಿನ ಕಚೇರಿಗಳ ಎದುರು ಅರ್ಜಿ ಬರೆಯುತ್ತ, ಅನ್ಯರ ಕಾಗದಗಳನ್ನು ಓದಿ ಓದಿಯೇ ಓದು ಕಲಿತೆ. ತಮ್ಮನ ಮಗ ಕುರಿ ಮೇಯಿಸುತ್ತಿದ್ದ. ಒಂದು ಬೆಳಿಗ್ಗೆ ಸೊಂಟ ನೋವೆಂದು ನರಳಿದವನು ಹಾಲು ಕುಡಿದು, ಹೆಂಡತಿಯೊಡನೆ ಪಕ್ಕದ ಊರಿಗೆ ಹೋದ. ಅಲ್ಲಿ ಪದವಿಯಿಲ್ಲದೆ ಸೂಜಿ ಚುಚ್ಚುವವನೊಬ್ಬನಿದ್ದ. ಅವನು ಎರಡು ಸೀಸೆಗಳ ಮದ್ದನ್ನು ಒಂದೇ ಸಿರಿಂಜಿಗೆ ಎಳೆದು ಬಲಗಡೆಯ ಪಿರ್ರೆಗೆ ಚುಚ್ಚಿದ್ದನ್ನು ಆಕೆ ಕಣ್ಣಾರೆ ಕಂಡಳು. ಮನೆಗೆ ಬಂದವನು ಮಲಗಿ ಗೊರಕೆ ಹೊಡೆಯತೊಡಗಿದ. ಮಧ್ಯಾಹ್ನ ಆ ಸದ್ದು ನಿಂತಿತು. ಸಂಜೆಯೊಳಗೆ ಹೂಳಿದೆವು.

ಮೂರನೆಯ ದಿನ ಸೂಜಿಯವನು ಚಹಾದಂಗಡಿಯಲ್ಲಿ ಕುಳಿತು, ತನ್ನ ಬಳಿಗೆ ಬಂದಾಗಲೇ ಹುಡುಗನ ಬಾಯಿ ಉಣ್ಣಿ ಔಷಧದಂತೆ ನಾರುತ್ತಿತ್ತು ಎಂದನಂತೆ. ಕುರಿಗಳ ಮೈಯ ಉಣ್ಣಿ ಕೊಲ್ಲಲು ನೀರಿಗೆ ಬೆರೆಸುವ ವಿಷವದು. ನಮ್ಮ ಪ್ರತಿ ಮನೆಯ ಮೂಲೆಯಲ್ಲೂ ಅದರ ಡಬ್ಬಿ ಇರುತ್ತದೆ. ಅಂದೇ ಹುಡುಗನ ಹೆಂಡತಿ ನನ್ನ ಹೊಸ್ತಿಲ ಹೊರಗೆ ಬಂದು ನಿಂತಳು.

“ಮಾವಾರಿ, ನನ್ನ ಕೈಯಾಗಿನ ನೀರು ಯಾರೂ ಕುಡಿಯಂಗಿಲ್ರಿ. ಅತ್ತಿ ಒಲಿ ಮುಟ್ಟಬ್ಯಾಡ ಅಂದಾರ. ನನಗ ಜೇಲಿಗೆ ಹಾಕ್ತಾರೇನ್ರಿ?”

“ಹೆಣ ತೆಗಸೋಣವ್ವಾ.”

“ಮಣ್ಣಾಗ ಮಲಗಿದವ್ರಿಗೆ ಮತ್ತ ಎಬ್ಬಸ್ತೀರಾ?”

“ನೀ ಹೇಳಿದ್ರ ಮಂದಿ ಕೇಳಂಗಿಲ್ಲ. ಅವನೇ ಹೇಳ್ಬೇಕು.”

ಒಳಗೆ ಕರೆದು, ನನ್ನ ಒಲೆಯ ಮೇಲೆ ಚಹಾ ಮಾಡಲು ಹೇಳಿದೆ. ಆಕೆಗೆ ಧೈರ್ಯ ಬರಲೆಂದೇ ಹಾಗೆ ಮಾಡಿದ್ದು. ಕಪ್ಪನ್ನು ತುಟಿಗೆ ಒಯ್ಯುವ ಮುನ್ನ, ನನಗರಿವಿಲ್ಲದೆ, ಮೂಸಿದೆ. ಆಕೆ ನೋಡಿದಳು. ನಾನು ಪೂರ್ತಿ ಕುಡಿದು ಅರ್ಜಿ ಬರೆಯಲು ಕುಳಿತೆ.

ಆರನೆಯ ದಿನ ಬೆಳಿಗ್ಗೆ ತಹಸೀಲ್ದಾರರು, ಪೊಲೀಸರು, ಬೀದರಿನಿಂದ ಶವಪರೀಕ್ಷೆಯ ವೈದ್ಯೆ ಬಂದರು. ಸಲಿಕೆ ಇಳಿದ ಕೂಡಲೇ ಮಣ್ಣಿನಿಂದ ಉಣ್ಣಿ ಔಷಧದ ನಾತ ಎದ್ದಿತು.

“ನಾತ ಹೊಡಿಲಕತ್ತದಲ್ರೀ ಮೇಡಂ!” ಎಂದ ಪೊಲೀಸನೊಬ್ಬ. “ಇನ್ನ ಕೊಯ್ದು ನೋಡೋದೇನದ?”

ಹೊಸದಾಗಿ ಹೂಳಿದಲ್ಲಿ ನಾಯಿ ನರಿ ಕೆದರಬಾರದೆಂದು ನಮ್ಮವರು ಮಣ್ಣಿನ ಮೇಲೆ ಉಣ್ಣಿ ಔಷಧದ ನೀರು ಹೊಯ್ಯುತ್ತಾರೆ. ಮನೆಯ ಹಿರಿಯನೆಂದು ಅಂದು ಹೊಯ್ದವನು ನಾನೇ. ಎರಡು ಪುಟ ಅರ್ಜಿ ಬರೆದವನು ಆ ಒಂದು ಕೊಡವನ್ನು ಬರೆಯಲು ಮರೆತಿದ್ದೆ. ದಿನವೂ ಕೈಯಾಡುವ ವಸ್ತು ನಮಗೆ ವಿಷವೆಂದೇ ತೋರುವುದಿಲ್ಲ. ನಾನು ಹೊಯ್ದದ್ದನ್ನು ಅಂದು ನೋಡಿದ್ದ ನಾಲ್ವರು ಅಲ್ಲೇ ತಲೆ ತಗ್ಗಿಸಿ ನಿಂತಿದ್ದರು. ಬೇಲಿಯಾಚೆ ಕುಳಿತಿದ್ದ ಆಕೆಯತ್ತ ಪೊಲೀಸ ಆಗಲೇ ತಿರುಗಿದ್ದ.

“ಅದು ನಾ ಹಾಕಿದ್ದರಿ,” ಎಂದೆ. “ಒಂದು ಕೊಡ. ಹೂಳಿದ ಮ್ಯಾಲ.”

“ಈಗ ನೆನಪಾತೇನೋ ಮುತ್ಯಾಗ!” ಪೊಲೀಸ ನಕ್ಕ. “ಕಾನೂನು ಬಲ್ಲ ಮುದುಕರಿ, ಮೇಡಂ.”

ವೈದ್ಯೆ ನಗಲಿಲ್ಲ. “ಹೇಳಿದ್ದು ಛಲೋ ಆತು, ಅಜ್ಜಾರ. ಆದ್ರ ನಾ ನಿಮಗೂ ನಂಬಂಗಿಲ್ಲ, ಇವ್ರಿಗೂ ನಂಬಂಗಿಲ್ಲ. ಎಲ್ಲಿತನಕ ಇಳದದ ಅಂತ ಮಣ್ಣಿಗೇ ಕೇಳ್ತೇನಿ.”

ಅವರು ಗುಂಡಿಯ ಮೇಲಿನ, ದೇಹದ ಪಕ್ಕದ, ಕೆಳಗಿನ ಮಣ್ಣನ್ನು ಬೇರೆ ಬೇರೆ ಜಾಡಿಗಳಿಗೆ ತುಂಬಿಸಿದರು. ದೂರದ ಹೊಲದಿಂದಲೂ ಒಂದು ಹಿಡಿ ತರಿಸಿದರು. ಜಠರ, ಯಕೃತ್ತುಗಳೊಡನೆ, ಸೂಜಿ ಚುಚ್ಚಿದ ಕಡೆಯ ಚರ್ಮವನ್ನೂ ಹೋಲಿಕೆಗಾಗಿ ಎಡಗಡೆಯ ಚರ್ಮವನ್ನೂ ತೆಗೆದುಕೊಂಡು ಅರಗಿನ ಮುದ್ರೆ ಹಾಕಿದರು. ಕೊಡದ ಮಾತು ಪಂಚನಾಮೆಗೆ ಸೇರಿತು. ನಾನು ರುಜು ಹಾಕಿದೆ. ವಿಷ ಕೆಳಗಿಳಿದು ದೇಹಕ್ಕೆ ತಾಗಿದ್ದರೆ, ಆಕೆಯ ಕೊರಳಿಗೆ ಹಗ್ಗ ಹೊಸೆದವನು ನಾನೇ ಆಗುತ್ತಿದ್ದೆ.

ಆಕೆ ಭಾಲ್ಕಿ ತಾಲ್ಲೂಕಿನ ಭಾತಂಬ್ರಾಕ್ಕೆ, ತವರಿಗೆ ಹೋದಳು. ವರದಿ ತಿಂಗಳುಗಟ್ಟಲೆ ಬರಲಿಲ್ಲ. ತಡೆಯಲಾರದೆ ನಾನು ಹೊಲದಲ್ಲಿ ಅಷ್ಟೇ ಆಳದ ಗುಂಡಿ ತೋಡಿಸಿ, ಮುಚ್ಚಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಕೊಡ ನೀರಿನಲ್ಲಿ ಕದಡಿ ಮೇಲೆ ಹೊಯ್ದೆ. ಆರನೆಯ ದಿನ ಅಗೆಸಿದೆ. ಈ ಪರೀಕ್ಷೆಯ ಮಾತನ್ನು ಆಕೆಗೆ ಮೊದಲೇ ತಿಳಿಸಿದ್ದೆ; ಅಂದೇ ಆಕೆಯ ಫೋನು ಬಂತು.

“ನೀಲಿ ಎಲ್ಲಿತನಕ ಹೋಗ್ಯಾದರಿ, ಮಾವಾರಿ?”

“ಮೊಣಕಾಲುದ್ದ.”

“ಅವ್ರು ಎಷ್ಟು ಕೆಳಗಿದ್ರು?”

“ಎದಿಮಟ.”

“ಕಪ್ಪು ಮಣ್ಣು ಬಿರುಕು ಬಿಡ್ತದಲ್ರಿ. ಅದರಾಗ ಇಳದಿದ್ರ?” ಎಂದಳು. ಆ ಬಿರುಕುಗಳು ಆಮೇಲೆ ನನ್ನ ಕಣ್ಣೆದುರಿನಿಂದ ಹೋಗಲೇ ಇಲ್ಲ. ಹೊಲಕ್ಕೆ ಹೋದರೆ ನೆಲ ನೋಡದೆ ನಡೆಯುತ್ತಿದ್ದೆ.

ವರದಿ ಬಂದಾಗ ಓದಲಾರದೆ ಎರಡು ಸಲ ಮಡಚಿಟ್ಟೆ. ಯಕೃತ್ತಿನಲ್ಲಿ ಮತ್ತು ಬಲಗಡೆಯ ಚರ್ಮದಲ್ಲಿ ನೋವು ಅಡಗಿಸುವ ಮದ್ದು, ನಿದ್ದೆ ಬರಿಸುವ ಮದ್ದು ಎರಡೂ ಇದ್ದವು. ಎಡಗಡೆಯ ಚರ್ಮಕ್ಕಿಂತ ಬಲಗಡೆಯಲ್ಲಿ ಬಹಳ ಹೆಚ್ಚು. ಅವೆರಡೂ ಕೂಡಿ ಉಸಿರಾಟವನ್ನು ಅಡಗಿಸಿದವೆಂದು ವೈದ್ಯೆ ತಮ್ಮ ಕೊನೆಯ ಅಭಿಪ್ರಾಯ ಬರೆದಿದ್ದರು. ಸೂಜಿಯವನ ಮೇಲಿನ ಪ್ರಕರಣ ಇನ್ನೂ ನಡೆಯುತ್ತಿದೆ. ಆಕೆ ಎಕಂಬಾಕ್ಕೆ ಮರಳಿದ್ದಾಳೆ. ಅತ್ತೆ ಆಕೆಯ ಕೈಯ ಚಹಾ ಕುಡಿಯುತ್ತಾರೆ, ಕುಡಿಯುವ ಮುನ್ನ ಮೂಸುತ್ತಾರೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ಔರಾದಿನ ನ್ಯಾಯಾಲಯದ ಕಡತದಲ್ಲಿ ಪಂಚನಾಮೆಯೂ ವರದಿಯೂ ಇವೆ. ಅರ್ಜಿ ಕೊಟ್ಟು ನಕಲು ಕೇಳಬಹುದು. ಅರ್ಜಿ ಬರೆಯಲು ಬಾರದವರಿಗೆ ನಾನೇ ಬರೆದುಕೊಡುತ್ತೇನೆ. ಉಣ್ಣಿ ಔಷಧದ ಬಗ್ಗೆ ಅಲ್ಲಿರುವುದು ಇಷ್ಟೇ: ಮೇಲಿನ ಮಣ್ಣು, ಇದೆ. ಪಕ್ಕದ ಮಣ್ಣು, ಇಲ್ಲ. ಕೆಳಗಿನ ಮಣ್ಣು, ಇಲ್ಲ. ಜಠರ, ಇಲ್ಲ.