ಸೊಪ್ಪಕ್ಕ ಬೇರೆ ಮಾಡಿದ ಹತ್ತೊಂಬತ್ತು ಹುಳುಗಳು

ರೇಷ್ಮೆಹುಳುಗಳ ಆ ಪ್ರಯೋಗಾಲಯದಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಹೆಂಗಸಿಗೆ ಸೊಪ್ಪಕ್ಕ ಎಂದೇ ಹೆಸರು. ಇಪ್ಪತ್ತಾರು ವರ್ಷದ ಸೇವೆ. ದೊಡ್ಡ ಸಾಹೇಬರಾದರೂ ಸರಿ, ಕೈ ತೊಳೆಸಿಯೇ ಒಳಗೆ ಬಿಡುವ ಗಟ್ಟಿಗಿತ್ತಿ. ಹುಳು ಪೊರೆ ಕಳಚುವುದಕ್ಕೆ ಅವಳು ಜ್ವರ ಎನ್ನುತ್ತಿದ್ದಳು. ನಾಲ್ಕು ಜ್ವರ ದಾಟಿದ ಮೇಲೆಯೇ ಹುಳು ಗೂಡು ಕಟ್ಟುವುದು ಎಂಬುದು ಅವಳಿಗೆ ವೇದವಾಕ್ಯ.

ಅವಳ ಅಕ್ಕರೆಯೆಲ್ಲ ಡಾಕ್ಟರಮ್ಮನ ಮೇಲೆ. ಹೆಸರಿಗಷ್ಟೇ ಡಾಕ್ಟರಮ್ಮ, ಪದವಿ ಇನ್ನೂ ಬಂದಿಲ್ಲ, ಊಟದ ಡಬ್ಬಿ ತಂದ ಹಾಗೇ ವಾಪಸು ಒಯ್ಯುವ ಹುಡುಗಿ. ಹುಳುವನ್ನು ಮರಿಯಾಗಿಯೇ ಇರಿಸುವ ಹಾರ್ಮೋನು ಒಂದಿದೆ, ಅದನ್ನು ಮಾಡುವ ಜೀನು ಕೆಟ್ಟರೆ ಹುಳು ಮೂರೇ ಜ್ವರಕ್ಕೆ ಗೂಡು ಕಟ್ಟುತ್ತದೆ ಎಂದು ತೋರಿಸುವುದು ಅವಳ ಕೆಲಸ. ಹಿಂದಿನ ಸಲ ಬಂದ ಪುಟ್ಟ ಗೂಡುಗಳನ್ನು ನೋಡಿ ಸಾಹೇಬರು, "ದೊಡ್ಡ ಹುಳುಗಳ ಮಧ್ಯೆ ಸೊಪ್ಪು ಸಿಗದೆ ಸೊರಗಿವೆ, ಅಷ್ಟೆ" ಎಂದು ಮೂಗು ಮುರಿದಿದ್ದರು. ಇದೇ ಕೊನೆಯ ಅವಕಾಶ. ಇದೂ ಕೈಕೊಟ್ಟರೆ ಹುಡುಗಿ ಗಂಟುಮೂಟೆ ಕಟ್ಟಬೇಕು.

ಸೊಪ್ಪಕ್ಕ ಮಾಡಿದ್ದಾದರೂ ಏನು? ದಿನವೂ ಮಾಡುವುದನ್ನೇ. ಒಂದೇ ತಾಯಿಯ ಮೊಟ್ಟೆಗಳಿಂದ ಬಂದ ಹುಳುಗಳಿದ್ದ ಡಾಕ್ಟರಮ್ಮನ ತಟ್ಟೆಯಲ್ಲಿ, ಜೀನು ಕೆಟ್ಟ ಹತ್ತೊಂಬತ್ತು ಕುಳ್ಳ ಹುಳುಗಳು ಹಿಂದೆ ಬಿದ್ದಿದ್ದವು. ಅವಳ ಕರುಳು ಚುರುಕ್ಕೆಂದಿತು. ಅವನ್ನು ಎತ್ತಿ, ತಡವಾಗಿ ಹುಟ್ಟಿದ ಅದೇ ಗಾತ್ರದ ಹುಳುಗಳ ತಟ್ಟೆಗೆ ಬಿಟ್ಟಳು.

ಮರುದಿನ ಡಾಕ್ಟರಮ್ಮ ತಟ್ಟೆಯ ಸೊಪ್ಪನ್ನೆಲ್ಲ ಎತ್ತಿ ಎತ್ತಿ ಹುಡುಕಿದಳು. "ಸೊಪ್ಪಕ್ಕಾ, ನನ್ನ ಕುಳ್ಳರೆಲ್ಲಿ?"

"ಪಕ್ಕದ ತಟ್ಟೇಲಿ ಬಿಟ್ಟೆ ಕಣಮ್ಮಾ. ಪಾಪ, ದೊಡ್ಡವು ತಿನ್ನೋಕೇ ಬಿಡ್ತಿರ್ಲಿಲ್ಲ."

"ಅಲ್ಲಿ ಮುನ್ನೂರಿವೆ! ಯಾವುದು ನಮ್ದು ಅಂತ ಹುಡುಕ್ಲಿ? ಮುಗೀತು ನನ್ನ ಕಥೆ."

ಸೊಪ್ಪಕ್ಕ ಹಣೆ ಬಡಿದುಕೊಂಡಳು. ಅಯ್ಯೋ, ಈ ಮಗುವಿನ ಅನ್ನಕ್ಕೆ ನಾನೇ ಕಲ್ಲು ಹಾಕಿದೆನಲ್ಲ! ಅಂದಿನಿಂದ ಆ ತಟ್ಟೆಯ ಮುಂದೆಯೇ ಮಣೆ ಹಾಕಿಕೊಂಡು ಕೂತಳು. ಹೊತ್ತುಹೊತ್ತಿಗೆ ಎಳೆಸೊಪ್ಪು ಹಾಕಿದಳು, ಎಲ್ಲವಕ್ಕೂ ಹೊಟ್ಟೆ ಬಿರಿಯುವಷ್ಟು. ಮೂರನೆಯ ದಿನ ಒಂದು ಹುಳು ಸೊಪ್ಪು ಬಿಟ್ಟು ತಲೆಯೆತ್ತಿತು. ಬಾಯಲ್ಲಿ ರೇಷ್ಮೆಯ ನೂಲು.

"ಮೂರೇ ಜ್ವರಕ್ಕಾ!" ಸೊಪ್ಪಕ್ಕ ಗಲ್ಲದ ಮೇಲೆ ಕೈಯಿಟ್ಟಳು. ಸಂಜೆಯೊಳಗೆ ಇನ್ನೂ ನಾಲ್ಕು. ಮರುದಿನಕ್ಕೆ ಗೂಡಿಗಿಳಿದವು ಸರಿಯಾಗಿ ಹತ್ತೊಂಬತ್ತು. ಮಿಕ್ಕವು ತಮ್ಮ ಪಾಡಿಗೆ ಕರಕರ ತಿನ್ನುತ್ತಲೇ ಇದ್ದವು.

ಸಾಹೇಬರು ಬಂದು ಬಗ್ಗಿ ನೋಡಿದರು. "ಸೊಪ್ಪು ಕಮ್ಮಿ ಬಿದ್ದಿರಬಹುದು."

"ನನ್ನ ಕೈಲಿ ಕಮ್ಮೀನಾ ಸ್ವಾಮೀ?" ಸೊಪ್ಪಕ್ಕ ಸಿಡಿದಳು. "ಹಾಕಿದ್ದು ಹಾಗೇ ಮಿಕ್ಕಿದೆ, ಕಣ್ಣು ಬಿಟ್ಟು ನೋಡಿ. ಪಕ್ಕದಲ್ಲಿ ತಿಂತಿರೋ ಹುಳಾನೂ ಇಷ್ಟೇ ದಪ್ಪ."

ಸಾಹೇಬರು ಹುಡುಗಿಯ ವರದಿಗೆ ಸಹಿ ಹಾಕಿ ಹೋದರು.

ಡಾಕ್ಟರಮ್ಮ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. "ನೀವು ದೊಡ್ಡ ಹುಳುಗಳಿಂದ ಬೇರೆ ಮಾಡಿದ್ದಕ್ಕೇ ಸಾಹೇಬರ ಬಾಯಿ ಕಟ್ಟಿತು, ಸೊಪ್ಪಕ್ಕಾ. ನಂಗೆ ಹೊಳೆದೇ ಇರ್ಲಿಲ್ಲ."

ಸೊಪ್ಪಕ್ಕ ಕಣ್ಣೊರೆಸಿಕೊಂಡು, ಮೂಲೆಯಲ್ಲಿದ್ದ ತುಂಬಿದ ಡಬ್ಬಿಯನ್ನು ತಂದು ಅವಳ ಮುಂದೆ ಕುಕ್ಕಿದಳು.

"ಗೂಡು ಕಟ್ಟೋ ಹುಳ ಊಟ ಬಿಡುತ್ತೆ, ಸರಿ. ನಿಂಗೇನಾಗಿದೆ? ತಿನ್ನು."