ನಮ್ಮವರಿಲ್ಲದ ಡೇಟಾಬೇಸ್

“ಮಾಮಾ, ಅಮ್ಮನ ರಿಪೋರ್ಟ್ ಬಂತು. ಪಾಸ್ ಭೀ ನಹೀಂ, ಫೇಲ್ ಭೀ ನಹೀಂ!”

ವಡಾಲದಿಂದ ತಂಗಿಯ ಮಗಳು ನಿಕಿತಾ ಫೋನಿನಲ್ಲಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ತಂಗಿ ಸುಧಾಳಿಗೆ ಹೋದ ವರ್ಷ ಸ್ತನ ಕ್ಯಾನ್ಸರ್ ಬಂದು ಗುಣವಾಯಿತು. (ಗುಣವಾಯಿತು ಎಂದೇ ಹೇಳುತ್ತೇವೆ.) ಅದು ವಂಶದಲ್ಲಿ ಇಳಿದು ಬಂದದ್ದೋ, ನಿಕಿತಾಳೂ ಹೆದರಬೇಕೋ ಎಂದು ತಿಳಿಯಲು ಸುಧಾಳ ಜೀನ್ ಟೆಸ್ಟ್ ಮಾಡಿಸಿದ್ದೆವು. ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬೇರೆ ಇದೆಯಂತೆ. ಅದರಿಂದ ಕೇಡೋ, ಏನೂ ಇಲ್ಲವೋ? ಗೊತ್ತಿಲ್ಲವಂತೆ.

ಗೊತ್ತಿಲ್ಲ ಎಂಬುದನ್ನು ಸರಿಯಾಗಿ ಕೇಳಿಸಿಕೊಳ್ಳಲು ಮೂವರೂ ಪರೇಲ್‌ನ ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ತಾಳ್ಮೆಯವರು. ಜಗತ್ತಿನ ವಿಜ್ಞಾನಿಗಳೆಲ್ಲ ಸೇರಿ ಜೀನ್, ಪ್ರೋಟೀನ್‌ಗಳ ಅಕ್ಷರಸಾಲುಗಳನ್ನು ಡೇಟಾಬೇಸ್‌ಗಳಲ್ಲಿ ಕೂಡಿಟ್ಟಿದ್ದಾರೆ. ಯಾರು ಬೇಕಾದರೂ ತೆರೆದು ನೋಡಬಹುದು. ನಮ್ಮ ಸಾಲನ್ನು ಅದರ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ ಎಂದು ವಿವರಿಸಿದರು. ಆಮೇಲೆ, “ಲೇಕಿನ್ ಉಸ್‌ಮೇಂ ಆಪ್ ಜೈಸೇ ಲೋಗ್ ಬಹುತ್ ಕಮ್ ಹೈಂ,” ಎಂದರು.

ನಮ್ಮಂಥವರೇ ಅಲ್ಲಿ ಕಡಿಮೆಯಂತೆ, ಅದಕ್ಕೇ ಆ ಅಕ್ಷರ ನಮ್ಮವರಲ್ಲಿ ಮಾಮೂಲೋ, ಕೇಡೋ ಹೇಳಲಾಗದಂತೆ! ಮಾಟುಂಗಾದ ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಸಾರು ಬರುವಷ್ಟರಲ್ಲಿ ನಮ್ಮ ಮೂರು ತಲೆಮಾರು ಅಗೆದು ತೆಗೆಯುತ್ತಾರೆ. ಜಗತ್ತಿನ ಕಂಪ್ಯೂಟರಿಗೆ ಮಾತ್ರ ನಾವು ಯಾರ ಪೈಕಿ ಎಂದು ಗೊತ್ತಿಲ್ಲ.

ದಾರಿಯೇ ಇಲ್ಲವೆಂದಲ್ಲ. ಬಳಗದ ಇನ್ನಷ್ಟು ಜನ ರಕ್ತ ಕೊಟ್ಟರೆ, ಕಾಯಿಲೆ ಇದ್ದ ಕಡೆಯೇ ಆ ಅಕ್ಷರವೂ ಇದೆಯೇ ಎಂದು ನೋಡಬಹುದಂತೆ. ತಿಳಿದದ್ದು ಹೆಸರಿಲ್ಲದೆ ಡೇಟಾಬೇಸ್ ಸೇರುತ್ತದೆ. ನಾಳೆ ಇನ್ಯಾರದೋ ಮನೆಗೂ ಉಪಯೋಗವಾಗುತ್ತದೆ. ಅಲ್ಲಿಯವರೆಗೆ ತಾಯಿಗೂ ಮಗಳಿಗೂ ತಪಾಸಣೆ, ಕಾಯುವುದು, ಮತ್ತೆ ತಪಾಸಣೆ.

ನಾನು ಕೊಟ್ಟೆ. ಆದರೆ ಮುಖ್ಯವಾಗಿ ಬೇಕಿದ್ದದ್ದು ರಾಘಣ್ಣನ ರಕ್ತ. ಅವನು ನಮ್ಮ ದೊಡ್ಡಮ್ಮನ, ಅಂದರೆ ಅಮ್ಮನ ಅಕ್ಕನ ಮಗ. ದೊಡ್ಡಮ್ಮ ಹೋದದ್ದು ಇದೇ ಕಾಯಿಲೆಯಿಂದ.

ಭಾನುವಾರ ಅಂಧೇರಿಗೆ ಹೋದೆ. (ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ದಿನ ಲೋಕಲ್ ಪ್ರಯಾಣ ಹೇಗಿರುತ್ತದೆಂದು ನಿಮಗೆ ಹೇಳಬೇಕೇ?)

“ಅಮ್ಮ ಹೋಗಿದ್ದು ಜ್ವರದಲ್ಲಿ ಕಣೋ,” ಎಂದ ರಾಘಣ್ಣ.

“ರಾಘಣ್ಣಾ, ಆಸ್ಪತ್ರೆಗೆ ಊಟದ ಡಬ್ಬಿ ತರ್ತಿದ್ದೋನು ನಾನೇ.”

“ಮೆತ್ತಗೆ ಮಾತಾಡೋ! ಶ್ರುತಿಗೆ ಗಂಡು ನೋಡ್ತಿದೀವಿ. ಮಗಳ ಮದುವೆ ಹೊತ್ತಲ್ಲಿ ಇದು ಯಾರ ಕಿವಿಗಾದ್ರೂ ಬಿದ್ರೆ?”

“ಹೆಸರು ಹಾಕಲ್ವಂತೆ.”

“ಕಂಪ್ಯೂಟರ್ ಸುಮ್ನಿರತ್ತೆ. ಬೀಗರಾಗೋರು ಸುಮ್ನಿರ್ತಾರಾ?”

ನಮ್ಮ ಜನ ನನಗೂ ಗೊತ್ತು. ಉಪ್ಪಿಟ್ಟು ತಿಂದು ಎದ್ದೆ.

ಲಿಫ್ಟಿನವರೆಗೂ ಬಂದ. ಬಾಗಿಲು ಮುಚ್ಚುವಾಗ ಕೈ ಅಡ್ಡ ಹಿಡಿದು, ದನಿ ತಗ್ಗಿಸಿ ಹೇಳಿದ: “ಡಾಕ್ಟರು ಏನಾದ್ರೂ ಕಂಡುಹಿಡಿದ್ರೆ ನಂಗೂ ಒಂದು ಮಾತು ಹೇಳಪ್ಪ. ಶ್ರುತಿದೇ ಯೋಚನೆ.”

ಸುಧಾಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. “ಹೋಗ್ಲಿ ಬಿಡಣ್ಣ, ಅವನಿಗೂ ಮಗಳಿದಾಳೆ,” ಎಂದು ನಿಕಿತಾಳ ತಪಾಸಣೆಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲು ಫೋನ್ ಎತ್ತಿಕೊಂಡಳು. ನಿಕಿತಾ ಈ ಸಲ ನಗಲಿಲ್ಲ.

ಉತ್ತರ ನಮಗೆಲ್ಲರಿಗೂ ಬೇಕು. ಅದಕ್ಕೆ ಬೇಕಾದ ನಾಲ್ಕು ಹನಿ ರಕ್ತ ಯಾರ ಮನೆಯಿಂದ ಬರಬೇಕು?