ನಡುಗೋಡೆಯ ಆಲ

ಕೋಟೆಯಲ್ಲಿ ನನ್ನ ಕೆಲಸ ಗಿಡ ಕೊಲ್ಲುವುದು. ಹೀಗೆಂದರೆ ಒರಟಾಗಿ ಕೇಳಿಸುತ್ತದೆಂದು ಹೊಸಬರೆದುರು ‘ಸಂರಕ್ಷಣೆ’ ಎನ್ನುತ್ತೇನೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಗೋಡೆಯಿಂದ ಇಳಿಬೀಳುವುದು, ಕಲ್ಲಿನ ಸಂದಿಯಲ್ಲಿ ತಲೆಯೆತ್ತಿದ್ದನ್ನು ತೆಗೆಯುವುದು, ಇಪ್ಪತ್ತೆರಡು ವರ್ಷದಿಂದ ಇದೇ. ನಿಜ ಹೇಳಬೇಕೆಂದರೆ ಕೆಲಸಕ್ಕಿಂತ ಉಪದೇಶವೇ ನನಗೆ ಹೆಚ್ಚು ಪ್ರೀತಿ. ಕೋಟೆ ನೋಡಲು ಬಂದವರು ಸುಮ್ಮನೆ ಕತ್ತೆತ್ತಿದರೂ ಸಾಕು, ಮೇಲಿನಿಂದಲೇ ಶುರು ಮಾಡುತ್ತೇನೆ.

“ಎರಡೆಲೆ ಇರೋವಾಗ ಬೆರಳಲ್ಲೇ ಕೀಳಬಹುದು. ದಪ್ಪ ಆದ್ಮೇಲೆ ಎಳೀಬಾರದು, ಕಲ್ಲೂ ಜೊತೆಗೇ ಬರುತ್ತೆ. ಬರೀ ಕತ್ತರಿಸಿ ಬಿಟ್ರೂ ಆಗಲ್ಲ, ಬೇರು ಒಳಗೊಳಗೇ ದಪ್ಪ ಆಗ್ತಾ ಹೋಗುತ್ತೆ. ಬುಡಕ್ಕೆ ತೂತು ಕೊರೆದು ಔಷಧಿ ಹಾಕಬೇಕು. ಬೇರು ಸತ್ತ ಮೇಲೆ ಗಾರೆ ತುಂಬಬೇಕು.”

ಈ ಭಾಷಣ ಕೇಳದವರು ಊರಲ್ಲಿ ಉಳಿದಿರಲಿಲ್ಲ, ನನ್ನ ಅಣ್ಣನೊಬ್ಬನನ್ನು ಬಿಟ್ಟು.

ಅಣ್ಣ ದರ್ಜಿ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಾರಣ ಕೇಳಿದರೆ ನಗುತ್ತೀರಿ, ಧಾರಾಳವಾಗಿ ನಗಿ. ನನ್ನ ಸಮವಸ್ತ್ರದ ಪ್ಯಾಂಟಿಗೆ ಅವನು ಅಳತೆ ತೆಗೆಯುವಾಗ ನಾನು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೆ. “ಹೊಟ್ಟೆ ಬಿಡೋ” ಎಂದು ಎರಡು ಸಲ ಹೇಳಿದ. “ಬಿಟ್ಟೇ ಇದೀನಿ” ಎಂದೆ. ಆ ಪ್ಯಾಂಟು ನಾನು ಹಗ್ಗದಲ್ಲಿ ನೇತಾಡುತ್ತಿದ್ದಾಗ, ಕೆಳಗೆ ಶಾಲೆಯ ಮಕ್ಕಳ ಎರಡು ಸಾಲು ನಿಂತಿದ್ದಾಗ, ಹಿಂದಿನಿಂದ ಬಿರಿಯಿತು. ನಾನು ನೆಟ್ಟಗೆ ಅಂಗಡಿಗೆ ಹೋಗಿ, ಗಿರಾಕಿಗಳೆದುರು “ಬಟ್ಟೆ ಕದ್ದಿದ್ದೀಯ” ಎಂದು ಕೂಗಾಡಿದೆ. ಅಣ್ಣ ಅಳತೆಪುಸ್ತಕ ಮುಚ್ಚಿದ. ಬಾಯಿಯನ್ನೂ ಮುಚ್ಚಿದ.

ಮರುವರ್ಷ ತಾರಸಿಯ ಮೇಲೆ, ಆ ನಡುಗೋಡೆಯ ತಲೆಯಲ್ಲಿ, ಅಣ್ಣನ ಬದಿಗೆ ಒಂದು ಆಲದ ಸಸಿ ಹುಟ್ಟಿತು. ಆಗ ಅದಕ್ಕೆ ಎರಡೇ ಎಲೆ. ನಾನು ಕೈಚಾಚಿದ್ದರೆ ಸಿಗುತ್ತಿತ್ತು.

“ರೀ, ಕಿತ್ತು ಹಾಕಬಾರದಾ?” ಎಂದಳು ಹೆಂಡತಿ.

“ನಮ್ಮ ಕಡೆ ಇಲ್ಲವಲ್ಲ” ಎಂದೆ.

ಕೆಲವು ತಿಂಗಳ ಮೇಲೆ ಅಣ್ಣ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು ಅದನ್ನು ಕಚಕ್ಕೆಂದು ಕತ್ತರಿಸಿದ. ಅದು ಮತ್ತೆ ಚಿಗುರಿತು, ಅವನು ಮತ್ತೆ ಕತ್ತರಿಸಿದ. ನಾನು ಒಣಗಿಹಾಕಿದ ಟವೆಲಿನ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಬೇರು ಒಳಗೆ ಏನು ಮಾಡುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಖುಷಿಪಡುತ್ತಿದ್ದೆ. “ಭಾವನಿಗೆ ಒಂದು ಮಾತು ಹೇಳಬಾರದೇನ್ರೀ?” ಎಂದು ಹೆಂಡತಿ ಕೇಳಿದಾಗಲೆಲ್ಲ “ಅವನು ಕೇಳಿದರೆ ಹೇಳ್ತೀನಿ” ಎನ್ನುತ್ತಿದ್ದೆ. ಆ ಗೋಡೆ ಅರ್ಧ ನನ್ನದೂ ಹೌದೆಂಬುದು ಈ ತಜ್ಞನ ತಲೆಗೆ ಹೊಳೆಯಲೇ ಇಲ್ಲ.

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಆಚೆಮನೆಯಲ್ಲಿ ಏನೋ ದಡಾರನೆ ಬಿತ್ತು, ಹಿಂದೆಯೇ ಅತ್ತಿಗೆ ಕೂಗಿಕೊಂಡರು. ಬಾಯಿತುಂಬ ನೊರೆಯಿಟ್ಟುಕೊಂಡೇ ಓಡಿದೆ. ಅಡುಗೆಮನೆಯ ಗೋಡೆಯಿಂದ ಇಟ್ಟಿಗೆಗಳು ಕಳಚಿ, ಪಾತ್ರೆಯ ಹಲಗೆ ಅತ್ತಿಗೆಯ ಕೈಮೇಲೆ ಬಿದ್ದಿತ್ತು. ಅವರ ಮಣಿಕಟ್ಟು ಆಗಲೇ ಊದಿಕೊಂಡಿತ್ತು. ಗೋಡೆಯ ತೂತಿನಲ್ಲಿ ನನ್ನ ತೋಳಿನಷ್ಟು ದಪ್ಪದ ಬೇರು. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಕಾಲು ಕೊಟ್ಟು ಎಳೆಯಲು ನಿಂತಿದ್ದ.

“ಎಳೀಬೇಡ!” ಎಂದು ಕಿರುಚಿದೆ. “ಗೋಡೆನೇ ಮೈಮೇಲೆ ಬರುತ್ತೆ!”

ನಾಲ್ಕು ವರ್ಷದ ಮೇಲೆ ನಾನು ಅವನಿಗೆ ಆಡಿದ ಮೊದಲ ಮಾತು ಅದು. ಅಣ್ಣ ಏಕೆ, ಏನು ಎಂದು ಕೇಳದೆ ಕೈಬಿಟ್ಟ. ನನ್ನ ಹೆಂಡತಿ ಅತ್ತಿಗೆಯನ್ನು ಆಸ್ಪತ್ರೆಗೆ ಕರೆದೊಯ್ದಳು. ನಾವಿಬ್ಬರೂ ಗೋಡೆಗೆ ಮರದ ಕಂಬಗಳ ಆಸರೆ ಕೊಟ್ಟೆವು. ನಾನು ತಾರಸಿಗೆ ಹತ್ತಿ ಗಿಡ ಕಡಿದು, ಬುಡ ಕೊರೆದು ಔಷಧಿ ಹಾಕಿ ಬಂದೆ. ಕಾಲು ಗಂಟೆಯ ಕೆಲಸ.

ಕೆಳಗೆ ಅಣ್ಣ ಬೇರನ್ನೇ ನೋಡುತ್ತ ಕುಳಿತಿದ್ದ.

“ತಪ್ಪದೆ ಕತ್ತರಿಸ್ತಾನೇ ಇದ್ದೆ ಕಣೋ” ಎಂದ. “ನೀನೂ ಟವೆಲಿನ ಹಿಂದೆ ನಿಂತು ನೋಡ್ತಿದ್ದೆ. ಮಾತು ಬಿಟ್ಟಿದ್ರೇನಂತೆ, ನಾನು ತಪ್ಪು ಮಾಡ್ತಿದ್ರೆ ಇವನು ಸುಮ್ನಿರ್ತಾನಾ, ಇವನ ಕೆಲಸವೇ ಇದಲ್ವಾ ಅಂತ ಧೈರ್ಯವಾಗಿದ್ದೆ.”

ಊರಿಗೆಲ್ಲ ಭಾಷಣ ಮಾಡಿದ ಬಾಯಿಯ ಸುತ್ತ ಇನ್ನೂ ಅಂಟಿದ್ದ ನೊರೆಯನ್ನು ಒರೆಸಿಕೊಂಡೆ.

“ನನಗೆ ಗೊತ್ತಿತ್ತು ಅಣ್ಣ” ಎಂದೆ. “ಗೊತ್ತಿದ್ದೇ ಸುಮ್ಮನಿದ್ದೆ.”

ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಎದ್ದು, ಮೂಲೆಯಿಂದ ಪೊರಕೆ ತಂದು, ಅತ್ತಿಗೆ ಬರುವಷ್ಟರಲ್ಲಿ ಮುಗಿಸಬೇಕೆನ್ನುವಂತೆ ಬಿದ್ದ ಗಾರೆಯನ್ನು ಗುಡಿಸತೊಡಗಿದ.